ಮಾತು ತಪ್ಪಿದ ದೊರೆ

ಕಳೆದ ವರ್ಷ ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಪಾಠದ ಕೊನೆಗೆ ಒಂದು ಪ್ರಶ್ನೆ ಹಾಕಿದರು. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಪತನವು ಯಾವ ವರ್ಷದಲ್ಲಾಯಿತು ಎಂಬುದೇ ಆ ಪ್ರಶ್ನೆ. ಇಷ್ಟು ಸುಲಭದ ಪ್ರಶ್ನೆಯನ್ನು ಬಿ.ಎ. ತರಗತಿಯಲ್ಲಿ ಕೇಳುವುದುಂಟೆ ಎಂದುಕೊಂಡು ನಾವೆಲ್ಲರೂ ಒಕ್ಕೊರಲಿನಿಂದ ೧೩೯೯ ಎಂದೆವು. ಅವರು ತಲೆಯಲ್ಲಾಡಿಸಿದರು. ಅದು ಕಿರೀಟ ಹೋದ ವರ್ಷ, ಅವನು ಬಿದ್ದದ್ದು ಯಾವಾಗ ಎಂಬುದನ್ನು ಹುಡುಕಿಕೊಂಡು ಬನ್ನಿ ಎಂದು ಹೇಳಿ, ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಮರುದಿನ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆದರೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೂ ಅದು ನನ್ನ ಜೊತೆಗೇ ಬಂದಿತು. ಈ ಲೇಖನವು ಅದಕ್ಕೆ ತಡವಾಗಿ ಬರೆದ ಉತ್ತರ.

ಇಂಗ್ಲಿಷ್ ಸಾಹಿತ್ಯವನ್ನು ಓದುವ ನನ್ನ ಮಿತ್ರರಿಗೆ ಈ ದೊರೆಯ ಪರಿಚಯ ಷೇಕ್ಸ್‌ಪಿಯರನಿಂದಲೇ ಆಗಿರುತ್ತದೆ. ಆ ನಾಟಕದ ರಿಚರ್ಡನು ಕಿರೀಟ ಕಳೆದುಕೊಳ್ಳುವಾಗ ಆಡುವ ಮಾತುಗಳನ್ನು ಕೇಳಿ ಕಣ್ಣೀರು ಹಾಕದವರು ವಿರಳ. ಆದರೆ ಮಹಾಕವಿಯು ತನ್ನ ನಾಟಕವನ್ನು ೧೩೯೮ರ ಒಂದು ಜಗಳದಿಂದ ಆರಂಭಿಸುತ್ತಾನೆ. ಆ ವೇಳೆಗೆ ರಿಚರ್ಡನು ದೊರೆಯಾಗಿ ಇಪ್ಪತ್ತೊಂದು ವರ್ಷಗಳಾಗಿದ್ದವು. ನಾಟಕದ ತೆರೆ ಏಳುವ ಮೊದಲೇ ನಡೆದುಹೋದ ಒಂದು ಅಂಕವಿದೆ. ಅದರ ಪಾತ್ರಧಾರಿಗಳು ರೈತರು. ನಾನೂ ರೈತನ ಮೊಮ್ಮಗನಾದ್ದರಿಂದಲೋ ಏನೋ, ನನ್ನ ಕಣ್ಣು ಮೊದಲು ಬಿದ್ದದ್ದು ಆ ಕಾಣದ ಅಂಕದ ಮೇಲೆಯೇ.

ರಿಚರ್ಡನು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ಫ್ರಾನ್ಸಿನ ಬೋರ್ಡೋ ನಗರದಲ್ಲಿ, ೧೩೬೭ನೆಯ ಜನವರಿ ೬ರಂದು. ತಾತನು ಮೂರನೆಯ ಎಡ್ವರ್ಡ್, ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗಿ ಜಯಭೇರಿ ಹೊಡೆದ ದೊರೆ. ತಂದೆಯು ಕಪ್ಪು ರಾಜಕುಮಾರನೆಂದು ಹೆಸರಾದ ಎಡ್ವರ್ಡ್, ಆ ಕಾಲದ ವೀರಾಗ್ರಣಿ. ಅಣ್ಣನೊಬ್ಬನು ಬಾಲ್ಯದಲ್ಲಿಯೇ ತೀರಿಕೊಂಡ. ೧೩೭೬ರಲ್ಲಿ ತಂದೆಯೂ, ಮರುವರ್ಷ ಜೂನಿನಲ್ಲಿ ತಾತನೂ ಕಣ್ಮುಚ್ಚಿದರು. ಹೀಗೆ ಹತ್ತು ವರ್ಷದ ಹುಡುಗನ ತಲೆಯ ಮೇಲೆ ೧೩೭೭ನೆಯ ಜುಲೈ ೧೬ರಂದು ರಾಜ್ಯಭಾರ ಬಂದು ಕುಳಿತಿತು. ಪಟ್ಟಾಭಿಷೇಕದ ದೀರ್ಘ ವಿಧಿಗಳಿಂದ ಬಳಲಿದ ಬಾಲಕನನ್ನು ಅವನ ಗುರು ಸೈಮನ್ ಬರ್ಲಿಯು ಹೆಗಲ ಮೇಲೆ ಹೊತ್ತು ಅರಮನೆಗೆ ಕರೆದೊಯ್ದನೆಂದೂ, ಆ ಗದ್ದಲದಲ್ಲಿ ಹುಡುಗನ ಒಂದು ಪಾದರಕ್ಷೆ ಬಿದ್ದುಹೋಯಿತೆಂದೂ ಅಂದಿನ ಕಥನಕಾರರು ಬರೆದಿದ್ದಾರೆ. ಮುಂದೆ ಆದದ್ದನ್ನು ಕಂಡವರು ಅದನ್ನೊಂದು ಅಪಶಕುನವೆಂದು ಎಣಿಸಿದರು. ನನಗಾದರೋ ಅದರಲ್ಲಿ ಕಾಣುವುದು ನಿದ್ದೆಗಣ್ಣಿನ ಒಂದು ಮಗು ಮಾತ್ರ.

ಹುಡುಗನಿಗೆ ಬಂದ ರಾಜ್ಯವು ಹೊರಗೆ ವೈಭವ, ಒಳಗೆ ಸಾಲ ಎಂಬಂತಿತ್ತು. ೧೩೩೭ರಲ್ಲಿ ಮೊದಲಾದ ಫ್ರಾನ್ಸಿನ ಯುದ್ಧ ಬೊಕ್ಕಸವನ್ನು ಬರಿದು ಮಾಡಿತ್ತು. ೧೩೪೮-೪೯ರ ಮಹಾಮಾರಿಯಿಂದ ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಅಳಿದುಹೋಗಿತ್ತು. ಬದುಕಿ ಉಳಿದ ಕೂಲಿಗಾರನಿಗೆ ಬೇಡಿಕೆ ಹೆಚ್ಚಿತು. ಅವನು ಹೆಚ್ಚು ಕೂಲಿ ಕೇಳಿದನು. ಆಳುವವರು ೧೩೫೧ರಲ್ಲಿ ಶಾಸನ ಮಾಡಿ, ಮಾರಿಗೆ ಮುಂಚೆ ಇದ್ದ ಕೂಲಿಯನ್ನೇ ಪಡೆಯತಕ್ಕದ್ದೆಂದು ವಿಧಿಸಿದರು. ಇದರ ಮೇಲೆ ಜೀತದ ಕಟ್ಟು ಬೇರೆ. ಒಡೆಯನ ಅಪ್ಪಣೆಯಿಲ್ಲದೆ ಜೀತದವನು ಊರು ಬಿಡುವಂತಿಲ್ಲ; ಮಗಳ ಮದುವೆ ಮಾಡಿದರೆ ಒಡೆಯನಿಗೆ ಕಾಣಿಕೆ ತೆರಬೇಕು; ವಾರದಲ್ಲಿ ಇಂತಿಷ್ಟು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಬಿಟ್ಟಿ ಎಂಬ ಮಾತಿನ ಅರ್ಥವನ್ನು ನಮ್ಮ ಹಳ್ಳಿಗಳ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧದ ವೆಚ್ಚಕ್ಕಾಗಿ ಮಂತ್ರಿಗಳು ತಲೆಗಂದಾಯ ಹಾಕಿದರು. ೧೩೭೭ರಲ್ಲಿ ತಲೆಯೊಂದಕ್ಕೆ ನಾಲ್ಕು ಪೆನ್ಸ್ ಇದ್ದ ಕಂದಾಯವು ೧೩೮೦ರ ಕೊನೆಗೆ ಹನ್ನೆರಡು ಪೆನ್ಸಿಗೆ ಏರಿತು. ಹದಿನೈದು ವರ್ಷ ದಾಟಿದ ಗಂಡಸು ಹೆಂಗಸರೆಲ್ಲರೂ ಅದನ್ನು ತೆರಬೇಕಾಗಿತ್ತು. ೧೩೮೧ರ ಮೇ ಕೊನೆಯಲ್ಲಿ ಎಸೆಕ್ಸ್ ಪ್ರಾಂತದಲ್ಲಿ ಕಂದಾಯದ ಅಧಿಕಾರಿಗಳನ್ನು ಜನ ಹೊಡೆದೋಡಿಸಿದರು. ಕೆಂಟ್ ಪ್ರಾಂತವೂ ಎದ್ದಿತು. ವಾಟ್ ಟೈಲರ್ ಎಂಬವನು ಅವರ ನಾಯಕನಾದನು. ಜಾನ್ ಬಾಲ್ ಎಂಬ ಪಾದ್ರಿಯು ಮನುಷ್ಯರೆಲ್ಲರೂ ಹುಟ್ಟಿನಿಂದ ಸಮಾನರೆಂದು ಬೋಧಿಸಿದನು. ಜೂನ್ ೧೩ರಂದು ದಂಗೆಯ ಜನ ಲಂಡನ್ ನಗರವನ್ನು ಹೊಕ್ಕು, ದೊರೆಯ ಚಿಕ್ಕಪ್ಪನಾದ ಜಾನ್ ಆಫ್ ಗಾಂಟನ ಸವಾಯ್ ಅರಮನೆಯನ್ನು ಸುಟ್ಟರು.

ಗಮನಿಸಬೇಕಾದ ಸಂಗತಿಯೆಂದರೆ, ಈ ರೈತರು ದೊರೆಯ ವಿರುದ್ಧ ಎದ್ದವರಲ್ಲ. ಮಂತ್ರಿಗಳು ಕೆಟ್ಟವರು, ದೊರೆ ಒಳ್ಳೆಯವನು, ಅವನ ಕಿವಿಗೆ ನಮ್ಮ ಗೋಳು ಮುಟ್ಟಿದರೆ ಸಾಕು ಎಂದೇ ಅವರು ನಂಬಿದ್ದರು. ಜೂನ್ ೧೪ರಂದು ಹದಿನಾಲ್ಕು ವರ್ಷದ ರಿಚರ್ಡನು ಮೈಲ್ ಎಂಡ್ ಎಂಬಲ್ಲಿ ಅವರನ್ನು ಕಂಡು, ಜೀತವನ್ನು ತೆಗೆದುಹಾಕುವುದಾಗಿ ಮಾತು ಕೊಟ್ಟನು. ಮೂವತ್ತು ಮಂದಿ ಗುಮಾಸ್ತರು ಕುಳಿತು ಊರೂರಿಗೆ ಸನ್ನದುಗಳನ್ನು ಬರೆದುಕೊಟ್ಟರೆಂದು ಹೇಳುತ್ತಾರೆ. ಎಸೆಕ್ಸಿನ ಜನ ಆ ಕಾಗದವನ್ನು ಎದೆಗೊತ್ತಿಕೊಂಡು ಊರಿಗೆ ಹೊರಟರು. ದಂಗೆಯ ಕೈ ಶುದ್ಧವಾಗಿತ್ತೆಂದು ನಾನು ಹೇಳುವುದಿಲ್ಲ. ಅದೇ ದಿನ ಒಂದು ಗುಂಪು ಲಂಡನ್ ಗೋಪುರಕ್ಕೆ ನುಗ್ಗಿ, ಆರ್ಚ್‌ಬಿಷಪ್ ಸಡ್ಬರಿಯನ್ನೂ ಖಜಾಂಚಿ ಹೇಲ್ಸನನ್ನೂ ಹೊರಗೆಳೆದು ತಲೆ ಕಡಿಯಿತು. ಲಂಡನ್ನಿನಲ್ಲಿ ನೆಲಸಿದ್ದ ಪರದೇಶಿ ನೇಕಾರರನ್ನು ಕೂಡ ಕೊಂದರು.

ಮರುದಿನ ಸ್ಮಿತ್‌ಫೀಲ್ಡ್ ಬಯಲಿನಲ್ಲಿ ವಾಟ್ ಟೈಲರನು ದೊರೆಯೆದುರು ಬಂದು ಇನ್ನೂ ಹೆಚ್ಚಿನ ಬೇಡಿಕೆಗಳನ್ನಿಟ್ಟನು. ಮಾತಿಗೆ ಮಾತು ಬೆಳೆದು ಲಂಡನ್ನಿನ ಮೇಯರ್ ವಾಲ್‌ವರ್ತನು ಅವನನ್ನು ಇರಿದು ಕೆಡವಿದನು. ಎದುರಿನಲ್ಲಿ ಸಾವಿರಾರು ಬಿಲ್ಲುಗಳು ಬಾಗಿದವು. ಇನ್ನೊಂದು ಗಳಿಗೆಯಾಗಿದ್ದರೆ ದೊರೆಯ ಪರಿವಾರವೆಲ್ಲ ಅಲ್ಲಿಯೇ ಮಣ್ಣಾಗುತ್ತಿತ್ತು. ಆಗ ರಿಚರ್ಡನು ಒಬ್ಬನೇ ಕುದುರೆಯನ್ನು ಮುಂದೆ ಬಿಟ್ಟು, ಇನ್ನು ಮೇಲೆ ನಿಮ್ಮ ನಾಯಕನು ನಾನೇ, ನನ್ನ ಹಿಂದೆ ಬನ್ನಿ ಎಂಬ ಅರ್ಥದ ಮಾತನ್ನಾಡಿ ಅವರನ್ನು ಬಯಲಾಚೆಗೆ ಕರೆದೊಯ್ದನು. ಜನ ಕುರಿಮಂದೆಯಂತೆ ಹಿಂಬಾಲಿಸಿದರು. ಆ ವಯಸ್ಸಿಗೆ ಅದೆಂಥ ಧೈರ್ಯ! ಅವನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ದಿನ ಮತ್ತೆ ಬರಲಿಲ್ಲ.

ಆದರೆ ಆ ದೊಡ್ಡ ದಿನದ ಬೆನ್ನಿಗೇ ಸಣ್ಣ ದಿನಗಳು ಬಂದವು. ಸರದಾರರ ಪಡೆಗಳು ಕೂಡಿದವು. ಜುಲೈ ೨ರಂದು ದೊರೆಯ ಹೆಸರಿನಲ್ಲಿ ಎಲ್ಲ ಸನ್ನದುಗಳನ್ನೂ ರದ್ದು ಮಾಡಲಾಯಿತು. ಕಾಗದವನ್ನು ಹಿಡಿದು ನ್ಯಾಯ ಕೇಳಲು ಬಂದ ಎಸೆಕ್ಸಿನ ಜನಕ್ಕೆ, ನೀವು ಜೀತದವರೇ ಆಗಿದ್ದಿರಿ, ಜೀತದವರಾಗಿಯೇ ಇರುತ್ತೀರಿ ಎಂಬ ಉತ್ತರ ದೊರೆಯಿಂದಲೇ ಬಂದಿತೆಂದು ಒಬ್ಬ ಕಥನಕಾರನು ಬರೆಯುತ್ತಾನೆ. ಜುಲೈ ೧೫ರಂದು ಜಾನ್ ಬಾಲನನ್ನು ಸೇಂಟ್ ಆಲ್ಬನ್ಸ್ ಊರಿನಲ್ಲಿ ಕೊಂದರು. ನವೆಂಬರಿನಲ್ಲಿ ಕೂಡಿದ ಪಾರ್ಲಿಮೆಂಟಿನಲ್ಲಿ ದೊರೆಯ ಪರವಾಗಿ ಖಜಾಂಚಿಯು, ಜೀತದವರನ್ನು ಬಿಡುಗಡೆ ಮಾಡಲು ಸಭೆಗೆ ಇಷ್ಟವುಂಟೇ ಎಂದು ಕೇಳಿದನು. ಸರದಾರರೂ ಸಾಮಾನ್ಯ ಸಭಿಕರೂ ಒಂದೇ ಧ್ವನಿಯಲ್ಲಿ ಇಲ್ಲವೆಂದರು. ಬೆದರಿಕೆಗೆ ಸಿಕ್ಕಿ ಕೊಟ್ಟ ಮಾತು ಮಾತೇ ಅಲ್ಲ ಎಂಬುದು ಅವರ ತರ್ಕ.

ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕರುವನ್ನು ಬಿಟ್ಟು ಹಿಂದಿರುಗಿದ ಹಸುವಿನ ಕಥೆಯನ್ನು ಕೇಳಿ ಬೆಳೆದವರು ನಾವು. ಆ ಹಸುವಿನ ಮಾತೂ ಬೆದರಿಕೆಯಲ್ಲಿಯೇ ಹುಟ್ಟಿದ್ದು. ಇಂಗ್ಲೆಂಡಿನ ಪಾರ್ಲಿಮೆಂಟು ನಮ್ಮ ಕಥೆಯನ್ನು ಕೇಳಿರಲಿಲ್ಲ. ರಿಚರ್ಡನು ಮೈಲ್ ಎಂಡಿನಲ್ಲಿ ಮನಸಾರೆ ಮಾತು ಕೊಟ್ಟನೋ, ಕೇವಲ ಉಪಾಯವಾಗಿ ಕೊಟ್ಟನೋ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಅದೇನೇ ಇರಲಿ, ಹದಿನಾಲ್ಕು ವರ್ಷದ ಹುಡುಗನು ಆ ಬೇಸಿಗೆಯಲ್ಲಿ ಎರಡು ಪಾಠ ಕಲಿತನು. ಒಂದು, ದೊರೆಯ ಮಾತಿಗೆ ಸಾವಿರಾರು ಬಿಲ್ಲುಗಳನ್ನು ತಗ್ಗಿಸುವ ಶಕ್ತಿಯಿದೆ. ಇನ್ನೊಂದು, ಕೆಲಸವಾದ ಮೇಲೆ ಆ ಮಾತನ್ನು ಹಿಂತೆಗೆದುಕೊಳ್ಳಬಹುದು, ಹಿರಿಯರು ಅದಕ್ಕೆ ಶಹಬಾಸ್ ಎನ್ನುತ್ತಾರೆ. ಅವನು ಎರಡನ್ನೂ ಮರೆಯಲಿಲ್ಲ.

೧೩೮೨ರಲ್ಲಿ ರಿಚರ್ಡನು ಬೊಹೀಮಿಯದ ಆ್ಯನಳನ್ನು ಮದುವೆಯಾದನು. ಗಂಡಹೆಂಡಿರ ಪ್ರೀತಿ ಆ ಕಾಲದ ಅರಮನೆಗಳಲ್ಲಿ ಅಪರೂಪದ್ದು. ಆದರೆ ಸ್ನೇಹಿತರನ್ನು ಆರಿಸಿಕೊಳ್ಳುವುದರಲ್ಲಿ ಅವನು ಎಡವಿದನು. ರಾಬರ್ಟ್ ಡಿ ವಿಯರ್ ಎಂಬ ತರುಣನನ್ನು ೧೩೮೬ರಲ್ಲಿ ಐರ್ಲೆಂಡಿನ ಡ್ಯೂಕನನ್ನಾಗಿ ಮಾಡಿದನು. ವರ್ತಕರ ಮನೆಯಲ್ಲಿ ಹುಟ್ಟಿದ ಮೈಕೇಲ್ ಡಿ ಲಾ ಪೋಲನನ್ನು ಛಾನ್ಸೆಲರನನ್ನಾಗಿಯೂ ಅರ್ಲ್ ಪದವಿಯವನನ್ನಾಗಿಯೂ ಮಾಡಿದನು. ಹಳೆಯ ಮನೆತನದವರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ೧೩೮೬ರ ಪಾರ್ಲಿಮೆಂಟು ಛಾನ್ಸೆಲರನನ್ನು ತೆಗೆಯಬೇಕೆಂದು ಹಟ ಹಿಡಿದಾಗ, ನೀವು ಹೇಳಿದಿರೆಂದು ನನ್ನ ಅಡಿಗೆಮನೆಯ ಆಳನ್ನೂ ತೆಗೆಯಲಾರೆ ಎಂದು ದೊರೆ ಉತ್ತರ ಕಳುಹಿಸಿದನಂತೆ. ಆಗ ಅವನ ಕಿರಿಯ ಚಿಕ್ಕಪ್ಪ ಗ್ಲಾಸ್ಟರನ ಡ್ಯೂಕನು ೧೩೨೭ರಲ್ಲಿ ಪದಚ್ಯುತನಾದ ಮುತ್ತಾತ ಎರಡನೆಯ ಎಡ್ವರ್ಡನನ್ನು ನೆನಪಿಸಿದನು. ಆ ನೆನಪು ಸಾಕಾಯಿತು; ದೊರೆ ಬಾಗಿದನು.

ಬಾಗಿದವನು ಮರೆಯಲಿಲ್ಲ. ೧೩೮೭ರಲ್ಲಿ ಗ್ಲಾಸ್ಟರ್, ಅರಂಡೆಲ್, ವಾರಿಕ್, ನಾಟಿಂಗ್‌ಹ್ಯಾಮಿನ ಮೌಬ್ರೆ, ಗಾಂಟನ ಮಗ ಹೆನ್ರಿ ಬಾಲಿಂಗ್‌ಬ್ರೋಕ್ ಎಂಬ ಐವರು ಸರದಾರರು ದೊರೆಯ ಮಿತ್ರರ ಮೇಲೆ ದ್ರೋಹದ ಆಪಾದನೆ ಹೊರಿಸಿದರು. ಡಿಸೆಂಬರಿನಲ್ಲಿ ರ‍್ಯಾಡ್‌ಕಾಟ್ ಸೇತುವೆಯ ಬಳಿ ಡಿ ವಿಯರನ ಸೈನ್ಯ ಚದುರಿತು. ಅವನು ದೇಶಬಿಟ್ಟು ಓಡಿದನು. ೧೩೮೮ರ ಪಾರ್ಲಿಮೆಂಟನ್ನು ಇತಿಹಾಸದಲ್ಲಿ ನಿರ್ದಯ ಪಾರ್ಲಿಮೆಂಟೆಂದೇ ಕರೆಯುತ್ತಾರೆ. ದೊರೆಯ ನ್ಯಾಯಾಧಿಪತಿಯನ್ನೂ, ಲಂಡನ್ನಿನ ಮಾಜಿ ಮೇಯರನನ್ನೂ ಕೊಂದರು. ಪಟ್ಟಾಭಿಷೇಕದ ದಿನ ಬಾಲದೊರೆಯನ್ನು ಹೆಗಲ ಮೇಲೆ ಹೊತ್ತಿದ್ದ ಸೈಮನ್ ಬರ್ಲಿಯ ಸರದಿಯೂ ಬಂದಿತು. ಅವನ ಪ್ರಾಣಕ್ಕಾಗಿ ರಾಣಿ ಆ್ಯನಳು ಮೊಣಕಾಲೂರಿ ಬೇಡಿದಳೆಂದು ಹೇಳುತ್ತಾರೆ. ಸರದಾರರ ಮನ ಕರಗಲಿಲ್ಲ. ಮೇ ೫ರಂದು ಬರ್ಲಿಯ ತಲೆ ಉರುಳಿತು. ಗುರುವನ್ನು ಉಳಿಸಲಾರದ ಶಿಷ್ಯನ ಮನಸ್ಸಿನಲ್ಲಿ ಆ ದಿನ ಏನು ಬೇರೂರಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

೧೩೮೯ರ ಮೇ ತಿಂಗಳಲ್ಲಿ ರಿಚರ್ಡನು ತನಗೆ ಪ್ರಾಯ ತುಂಬಿತೆಂದು ಸಾರಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಮುಂದಿನ ಎಂಟು ವರ್ಷಗಳು ಹೊರನೋಟಕ್ಕೆ ಶಾಂತಿಯ ಕಾಲ. ಕವಿ ಚಾಸರನು ಕೆಲಕಾಲ ದೊರೆಯ ಕಟ್ಟಡಗಳ ಮೇಲ್ವಿಚಾರಕನಾಗಿದ್ದನು. ವೆಸ್ಟ್‌ಮಿನ್ಸ್ಟರ್ ಸಭಾಮಂದಿರಕ್ಕೆ ನಡುವೆ ಒಂದು ಕಂಬವೂ ಇಲ್ಲದ ಓಕ್ ಮರದ ಅದ್ಭುತವಾದ ಛಾವಣಿ ಏರತೊಡಗಿತು. ಅದು ಇಂದಿಗೂ ನಿಂತಿದೆ. ೧೩೯೬ರಲ್ಲಿ ಫ್ರಾನ್ಸಿನೊಡನೆ ೨೮ ವರ್ಷಗಳ ಯುದ್ಧವಿರಾಮವಾಯಿತು. ಯುದ್ಧದಿಂದ ಬೇಸತ್ತ ದೇಶಕ್ಕೆ ಶಾಂತಿ ತಂದವನನ್ನು ಜನ ಕೊಂಡಾಡಬೇಕಿತ್ತು. ಆದರೆ ಕೊಳ್ಳೆಯ ರುಚಿ ಕಂಡ ಸರದಾರರಿಗೆ ಶಾಂತಿ ಹೇಡಿತನವಾಗಿ ತೋರಿತು. ಈ ಒಂದು ವಿಷಯದಲ್ಲಿ ಅವನು ತನ್ನ ಕಾಲದವರಿಗಿಂತ ವಿವೇಕಿಯಾಗಿದ್ದನೆಂದು ನನ್ನ ನಂಬಿಕೆ.

ನಡುವೆ ೧೩೯೪ರ ಜೂನಿನಲ್ಲಿ ಆ್ಯನಳು ತೀರಿಕೊಂಡಳು. ಅವಳು ಪ್ರಾಣಬಿಟ್ಟ ಷೀನ್ ಅರಮನೆಯನ್ನು ದೊರೆ ನೆಲಸಮ ಮಾಡಿಸಿದನು. ಶವಸಂಸ್ಕಾರಕ್ಕೆ ತಡವಾಗಿ ಬಂದ ಅರಂಡೆಲನನ್ನು ದೇವಾಲಯದಲ್ಲಿಯೇ ಕೋಲಿನಿಂದ ಹೊಡೆದು ರಕ್ತ ಬರಿಸಿದನು. ಬರಬರುತ್ತ ಅವನ ನಡತೆ ವಿಚಿತ್ರವಾಯಿತು. ಹಬ್ಬದ ದಿನಗಳಲ್ಲಿ ಊಟವಾದ ಮೇಲೆ ಸಂಜೆಯವರೆಗೂ ಎತ್ತರದ ಸಿಂಹಾಸನದಲ್ಲಿ ಮಾತಿಲ್ಲದೆ ಕುಳಿತಿರುವನು; ಅವನ ದೃಷ್ಟಿ ಯಾರ ಮೇಲೆ ಬಿದ್ದರೂ ಅವರು ಮಂಡಿಯೂರಬೇಕು. ಎರಡನೆಯ ಮದುವೆಯಾದದ್ದು ಫ್ರಾನ್ಸಿನ ಇಸಬೆಲ್ಲಳನ್ನು. ಅವಳಿಗೆ ಇನ್ನೂ ಏಳು ವರ್ಷ ತುಂಬಿರಲಿಲ್ಲ. ಉತ್ತರಾಧಿಕಾರಿಯ ಆಸೆ ಅಲ್ಲಿಗೆ ದೂರವಾಯಿತು.

ಒಂಬತ್ತು ವರ್ಷ ಕಾದ ಸೇಡು ೧೩೯೭ರಲ್ಲಿ ಹೊರಬಂದಿತು. ಜುಲೈನಲ್ಲಿ ಗ್ಲಾಸ್ಟರ್, ಅರಂಡೆಲ್, ವಾರಿಕ್ ಮೂವರನ್ನೂ ಸೆರೆಹಿಡಿಸಿದನು. ಗ್ಲಾಸ್ಟರನು ಕ್ಯಾಲೇ ಕೋಟೆಯ ಸೆರೆಯಲ್ಲಿ ಕೊಲೆಯಾದನು. ಸೆಪ್ಟೆಂಬರಿನ ಪಾರ್ಲಿಮೆಂಟಿನ ಸುತ್ತ ದೊರೆಯ ಚೆಷೈರ್ ಬಿಲ್ಲುಗಾರರು ಕಾವಲು ನಿಂತರು. ಅರಂಡೆಲನು ತನಗೆ ಹಿಂದೆಯೇ ದೊರೆಯಿಂದ ಕ್ಷಮಾಪತ್ರ ದೊರೆತಿದೆಯೆಂದು ವಾದಿಸಿದನು. ಆ ಪತ್ರ ಒತ್ತಾಯದಿಂದ ಪಡೆದದ್ದು, ಆದ್ದರಿಂದ ರದ್ದಾಗಿದೆ ಎಂಬ ಉತ್ತರ ಬಂದಿತು. ಅದೇ ದಿನ ಅವನ ತಲೆ ಹೋಯಿತು.

ಈ ಜಾಗಕ್ಕೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಒತ್ತಾಯದಿಂದ ಪಡೆದದ್ದು ಎಂಬ ಈ ಮಾತನ್ನು ನಾನು ಎಲ್ಲಿಯೋ ಕೇಳಿದ್ದೆನಲ್ಲ? ಹೌದು, ಹದಿನಾರು ವರ್ಷಗಳ ಹಿಂದೆ ರೈತರ ಸನ್ನದುಗಳನ್ನು ಹರಿದಾಗ ಹೇಳಿದ ಕಾರಣವೂ ಇದೇ. ಆಗ ಅದನ್ನು ಅನುಮೋದಿಸಿದವರು ಇದೇ ಸರದಾರವರ್ಗದವರು. ಹೊಲದವನಿಗೆ ಕೊಟ್ಟ ಕಾಗದಕ್ಕೆ ಬೆಲೆಯಿಲ್ಲವೆಂದು ಬಾಲಕನಿಗೆ ಕಲಿಸಿದವರಿಗೆ, ತಮ್ಮ ಕೈಯಲ್ಲಿದ್ದ ಕಾಗದವೂ ಅದೇ ಶಾಯಿಯಲ್ಲಿ ಬರೆದದ್ದೆಂಬುದು ಹೊಳೆದಿರಲಿಲ್ಲ.

ಇನ್ನು ಜನರ ಸರದಿ. ಬಲವಂತದ ಸಾಲ ಎತ್ತಿದ್ದಾಯಿತು. ಲಂಡನ್ನೂ ಹಲವು ಪ್ರಾಂತಗಳೂ ತಮ್ಮ ಪ್ರಾಣಸ್ವತ್ತುಗಳೆಲ್ಲ ದೊರೆಯ ಅಧೀನವೆಂದು ಒಪ್ಪಿ ಖಾಲಿ ಕಾಗದಗಳಿಗೆ ಮೊಹರು ಹಾಕಿಕೊಡಬೇಕಾಯಿತು. ಅದರಲ್ಲಿ ಏನನ್ನು ಬರೆದುಕೊಳ್ಳುವುದೂ ದೊರೆಯ ಚಿತ್ತ. ಇದನ್ನು ಓದಿದಾಗ ನನಗೆ ಲಂಡನ್ ಕಾಣಲಿಲ್ಲ. ನಮ್ಮ ಮನೆಯ ಪಡಸಾಲೆ ಕಂಡಿತು. ನಮ್ಮ ತಾತ ಹರೆಯದಲ್ಲಿ ಬರಗಾಲದ ಒಂದು ವರ್ಷ ಸಾಲ ತೆಗೆದುಕೊಂಡಿದ್ದರು. ಸಾಲ ಕೊಟ್ಟ ಮಹಾನುಭಾವರು, ಇದೊಂದು ನೆವಕ್ಕೆ ಇರಲಿ ಎಂದು ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ವರ್ಷದ ಮೇಲೆ ಆ ಕಾಗದದಲ್ಲಿ ಕೆರೆಯ ಕೆಳಗಿನ ಗದ್ದೆಯ ಭೋಗ್ಯದ ಕರಾರು ಹುಟ್ಟಿತು. ಗದ್ದೆ ಮತ್ತೆ ನಮ್ಮದಾಗಲಿಲ್ಲ. ಖಾಲಿ ಕಾಗದಕ್ಕೆ ಗುರುತು ಹಾಕಿದವನು ರಾತ್ರಿ ಹೇಗೆ ಮಲಗುತ್ತಾನೆಂಬುದನ್ನು ನಾನು ಬಲ್ಲೆ. ೧೩೯೯ರಲ್ಲಿ ಲಂಡನ್ನಿನ ಜನ ತಮ್ಮ ದೊರೆಗಾಗಿ ಏಕೆ ಬೀದಿಗಿಳಿಯಲಿಲ್ಲ ಎಂಬ ಪ್ರಶ್ನೆ ನನಗೆ ಮತ್ತೆ ಏಳಲಿಲ್ಲ.

೧೩೯೮ರಲ್ಲಿ ಬಾಲಿಂಗ್‌ಬ್ರೋಕ್ ಮತ್ತು ಮೌಬ್ರೆ ಒಬ್ಬರ ಮೇಲೊಬ್ಬರು ದ್ರೋಹದ ದೂರು ತಂದರು. ಕಾವೆಂಟ್ರಿಯಲ್ಲಿ ಸೆಪ್ಟೆಂಬರ್ ೧೬ರಂದು ದ್ವಂದ್ವಯುದ್ಧ ಗೊತ್ತಾಯಿತು. ಇಬ್ಬರೂ ಕುದುರೆಯೇರಿ ನಿಂತಾಗ ದೊರೆ ಕಾಳಗವನ್ನು ನಿಲ್ಲಿಸಿ, ಮೌಬ್ರೆಗೆ ಆಜೀವ ಗಡೀಪಾರನ್ನೂ, ಬಾಲಿಂಗ್‌ಬ್ರೋಕನಿಗೆ ಹತ್ತು ವರ್ಷಗಳ ಗಡೀಪಾರನ್ನೂ ವಿಧಿಸಿದನು. ತಂದೆ ತೀರಿಕೊಂಡರೆ ಆಸ್ತಿಯನ್ನು ಪ್ರತಿನಿಧಿಗಳ ಮೂಲಕ ಪಡೆಯಬಹುದೆಂದು ಬಾಲಿಂಗ್‌ಬ್ರೋಕನಿಗೆ ಲಿಖಿತ ಮಾತು ಕೊಟ್ಟನು. ೧೩೯೯ನೆಯ ಫೆಬ್ರವರಿ ೩ರಂದು ಜಾನ್ ಆಫ್ ಗಾಂಟ್ ತೀರಿಕೊಂಡನು. ಮಾರ್ಚ್ ೧೮ರಂದು ದೊರೆ ಆ ಪತ್ರವನ್ನು ರದ್ದು ಮಾಡಿ, ಗಡೀಪಾರನ್ನು ಆಜೀವವಾಗಿಸಿ, ಲ್ಯಾಂಕಾಸ್ಟರಿನ ಅಪಾರ ಆಸ್ತಿಯನ್ನು ವಶಪಡಿಸಿಕೊಂಡನು. ದೇಶದಲ್ಲಿದ್ದ ಪ್ರತಿಯೊಬ್ಬ ಭೂಮಾಲೀಕನೂ ಆ ದಿನ ತನ್ನ ಮಗನ ಮುಖವನ್ನು ನೋಡಿಕೊಂಡಿರಬೇಕು. ದೊರೆಯ ಸ್ವಂತ ಚಿಕ್ಕಪ್ಪನ ಮಗನಿಗೇ ತಂದೆಯ ಆಸ್ತಿ ದಕ್ಕದಿದ್ದರೆ ಮಿಕ್ಕವರ ಪಾಡೇನು?

ಇಷ್ಟೆಲ್ಲ ಮಾಡಿ ರಿಚರ್ಡನು ಬೇಸಿಗೆಯಲ್ಲಿ ಐರ್ಲೆಂಡಿಗೆ ದಂಡೆತ್ತಿ ಹೋದನು. ಜುಲೈ ಮೊದಲಲ್ಲಿ ಬಾಲಿಂಗ್‌ಬ್ರೋಕನು ಕೆಲವೇ ಜನರೊಡನೆ ಯಾರ್ಕ್‌ಷೈರಿನ ಕರಾವಳಿಯಲ್ಲಿ ಇಳಿದನು. ತಾನು ಬಂದದ್ದು ತಂದೆಯ ಆಸ್ತಿಗಾಗಿ ಮಾತ್ರ, ಕಿರೀಟಕ್ಕಾಗಿ ಅಲ್ಲವೆಂದು ಅವನು ಪ್ರಮಾಣ ಮಾಡಿದನೆಂದು ಹೇಳುತ್ತಾರೆ. ನಾರ್ತಂಬರ್‌ಲೆಂಡಿನ ಪರ್ಸಿ ಮನೆತನದವರು ಸೇರಿಕೊಂಡರು. ರಾಜ್ಯವನ್ನು ಕಾಯಲು ದೊರೆ ಬಿಟ್ಟುಹೋಗಿದ್ದ ಯಾರ್ಕ್ ಡ್ಯೂಕನೂ ಅವನ ಕಡೆಗೇ ವಾಲಿದನು. ರಿಚರ್ಡನು ವೇಲ್ಸಿಗೆ ಹಿಂದಿರುಗುವ ವೇಳೆಗೆ ಅವನಿಗಾಗಿ ಕೂಡಿದ್ದ ಸೈನ್ಯ ಕರಗಿಹೋಗಿತ್ತು. ಒಂದು ರಾತ್ರಿ ಅವನು ಬಡ ಸಂನ್ಯಾಸಿಯ ವೇಷದಲ್ಲಿ ಸ್ವಂತ ಪಾಳೆಯವನ್ನೇ ಬಿಟ್ಟು ಕೆಲವೇ ಜನರೊಡನೆ ಕಾನ್ವಿ ಕೋಟೆಗೆ ಹೋದನು. ಅಲ್ಲಿಗೆ ನಾರ್ತಂಬರ್‌ಲೆಂಡಿನ ಅರ್ಲನು ರಾಯಭಾರಿಯಾಗಿ ಬಂದು, ದೊರೆತನಕ್ಕೆ ಚ್ಯುತಿಯಿಲ್ಲವೆಂದು ಪವಿತ್ರ ವಸ್ತುವಿನ ಮೇಲೆ ಆಣೆಯಿಟ್ಟನೆಂದು ದೊರೆಯ ಜೊತೆಗಿದ್ದ ಫ್ರೆಂಚನೊಬ್ಬನು ಬರೆದಿದ್ದಾನೆ. ಆ ಮಾತನ್ನು ನಂಬಿ ಕೋಟೆಯಿಂದ ಹೊರಬಂದ ದೊರೆಯನ್ನು ದಾರಿಯ ಕಣಿವೆಯಲ್ಲಿ ಅಡಗಿದ್ದ ಸೈನಿಕರು ಸುತ್ತುವರಿದರು. ಮಾತನ್ನು ಮುರಿಯುತ್ತ ಬಂದವನು ಕೊನೆಗೆ ಮಾತನ್ನು ನಂಬಿ ಕೆಟ್ಟನು.

ಫ್ಲಿಂಟ್ ಕೋಟೆಯಲ್ಲಿ ಅಣ್ಣತಮ್ಮಂದಿರ ಭೇಟಿಯಾಯಿತು. ಅಲ್ಲಿಂದ ಲಂಡನ್ ಗೋಪುರದ ಸೆರೆ. ಸೆಪ್ಟೆಂಬರ್ ೨೯ರಂದು ಅವನು ಸಂತೋಷದಿಂದಲೇ ಸಿಂಹಾಸನವನ್ನು ತ್ಯಜಿಸಿದನೆಂದು ಹೊಸ ಆಳ್ವಿಕೆಯ ದಾಖಲೆ ಹೇಳುತ್ತದೆ. ಸೆರೆಯಲ್ಲಿದ್ದವನ ಸಂತೋಷ ಎಂಥದೆಂಬುದನ್ನು ವಾಚಕರೇ ಊಹಿಸಲಿ. ಒತ್ತಾಯದಿಂದ ಪಡೆದದ್ದು ಎಂಬ ವಾದವನ್ನು ಹೂಡಲು ನಿಜವಾದ ಹಕ್ಕಿದ್ದದ್ದು ಆಗ ಅವನಿಗೆ. ಕೇಳುವವರು ಮಾತ್ರ ಯಾರೂ ಉಳಿದಿರಲಿಲ್ಲ. ಮರುದಿನ ವೆಸ್ಟ್‌ಮಿನ್ಸ್ಟರ್ ಸಭಾಮಂದಿರದಲ್ಲಿ, ಅವನೇ ಹಾಕಿಸಿದ ಆ ಛಾವಣಿಯ ಕೆಳಗೆ, ಬರಿದಾದ ಸಿಂಹಾಸನದ ಮುಂದೆ ೩೩ ಆರೋಪಗಳ ಪಟ್ಟಿಯನ್ನು ಮಂಡಿಸಿದರು. ಗ್ಲಾಸ್ಟರನ ಕೊಲೆ, ಅರಂಡೆಲನ ಕ್ಷಮಾಪತ್ರ, ಬಾಲಿಂಗ್‌ಬ್ರೋಕನ ಆಸ್ತಿ, ಬಲವಂತದ ಸಾಲ, ಎಲ್ಲವೂ ಅದರಲ್ಲಿದ್ದವು. ರೈತರ ಸನ್ನದುಗಳ ಮಾತು ಅಲ್ಲಿ ಇರಲಿಲ್ಲ. ಅದು ಅಪರಾಧವೆಂದು ಆ ಸಭೆಯಲ್ಲಿ ಒಬ್ಬರಿಗೂ ತೋರಲಿಲ್ಲ.

ಅಕ್ಟೋಬರ್ ೧೩ರಂದು ಬಾಲಿಂಗ್‌ಬ್ರೋಕನು ನಾಲ್ಕನೆಯ ಹೆನ್ರಿಯಾಗಿ ಪಟ್ಟವೇರಿದನು. ೧೪೦೦ರ ಜನವರಿಯಲ್ಲಿ ರಿಚರ್ಡನ ಮಿತ್ರರು ಎಬ್ಬಿಸಿದ ದಂಗೆಯೇ ಅವನಿಗೆ ಮೃತ್ಯುವಾಯಿತು. ಫೆಬ್ರವರಿಯಲ್ಲಿ ಪಾಂಟಿಫ್ರಾಕ್ಟ್ ಕೋಟೆಯಲ್ಲಿ ಅವನ ಪ್ರಾಣ ಹೋಯಿತು. ಅನ್ನವಿಲ್ಲದೆ ಸತ್ತನೆಂದೇ ಬಹುಮಂದಿಯ ಅಭಿಪ್ರಾಯ. ಅವನಿಗಾಗ ಮೂವತ್ತಮೂರು ವರ್ಷ. ಶವದ ಮುಖವನ್ನು ಲಂಡನ್ನಿನಲ್ಲಿ ಜನರಿಗೆ ತೋರಿಸಿ, ಕಿಂಗ್ಸ್ ಲ್ಯಾಂಗ್ಲಿಯಲ್ಲಿ ಸದ್ದಿಲ್ಲದೆ ಹೂಳಿದರು. ೧೪೧೩ರಲ್ಲಿ ಹೆನ್ರಿಯ ಮಗ ಐದನೆಯ ಹೆನ್ರಿಯು ಆ ದೇಹವನ್ನು ತರಿಸಿ, ವೆಸ್ಟ್‌ಮಿನ್ಸ್ಟರಿನಲ್ಲಿ ಆ್ಯನಳ ಪಕ್ಕದಲ್ಲಿ, ರಿಚರ್ಡನೇ ಮೊದಲು ಕಟ್ಟಿಸಿಟ್ಟಿದ್ದ ಸಮಾಧಿಯಲ್ಲಿ ಇರಿಸಿದನು.

ಈ ಕಥೆಯನ್ನು ರಜೆಯ ಒಂದು ಸಂಜೆ ನಾನು ತಾತನಿಗೆ ಹೇಳಿದೆ. ಬಾಲದೊರೆ ಒಬ್ಬನೇ ಕುದುರೆಯನ್ನು ಮುಂದೆ ಬಿಟ್ಟಾಗ ಅವರು ಎದ್ದು ಕುಳಿತರು. ಉಪವಾಸದ ಸಾವಿಗೆ ಪಾಪ ಎಂದರು. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ರೈತರಿಗೆ ಅವರ ಕಾಗದ ವಾಪಸು ಬಂತೇ? ಬರಲಿಲ್ಲವೆಂದೆ. ದುಡಿಯುವ ಕೈಗಳು ಕಡಮೆಯಾಗಿ, ಒಡೆಯರು ಭೂಮಿಯನ್ನು ಗುತ್ತಿಗೆಗೆ ಕೊಡುತ್ತ ಹೋಗಿ, ಮುಂದಿನ ನೂರು ವರ್ಷಗಳಲ್ಲಿ ಜೀತವು ತಾನಾಗಿಯೇ ಸವೆದುಹೋಯಿತು, ಯಾವ ದೊರೆಯ ಸನ್ನದಿನಿಂದಲೂ ಅಲ್ಲ ಎಂದು ವಿವರಿಸಿದೆ. ತಾತ ಸುಮ್ಮನೆ ತಲೆದೂಗಿ, ಎಲೆಯಡಿಕೆಯ ಚೀಲಕ್ಕೆ ಕೈಹಾಕಿದರು.

ಊರಿನಿಂದ ಬಂದ ಮೇಲೆ ಅಧ್ಯಾಪಕರಿಗೆ ನನ್ನ ಉತ್ತರವನ್ನು ಒಪ್ಪಿಸಿದೆ. ರಿಚರ್ಡನು ಬಿದ್ದದ್ದು ೧೩೮೧ನೆಯ ಜುಲೈ ೨ರಂದು ಎಂದು ಬರೆದಿದ್ದೆ. ಯುದ್ಧದ ಸಾಲ, ಸಂತಾನವಿಲ್ಲದಿರುವಿಕೆ, ಸರದಾರರ ಪೈಪೋಟಿ, ಇವನ್ನೆಲ್ಲ ಬಿಟ್ಟು ಒಂದೇ ಕಾರಣಕ್ಕೆ ಜೋತುಬೀಳುವುದು ಇತಿಹಾಸಕಾರನ ಲಕ್ಷಣವಲ್ಲವೆಂದು ಅವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದರು. ಅವರ ಮಾತು ಸರಿಯೆಂದೇ ನಾನು ಒಪ್ಪುತ್ತೇನೆ. ಆದರೂ ಆ ತಾರೀಖನ್ನು ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಅವರೂ ಅದನ್ನು ಹೊಡೆದುಹಾಕಿರಲಿಲ್ಲ.